ಅಧಿಕ ರಕ್ತದೊತ್ತಡ: ಅಂಗಹಾನಿಯನ್ನು ಅರಿಯುವ ಬಗೆ

ಕೊಲ್ಹಾಪುರ ಜಿಲ್ಲೆಯ ದಕ್ಷಿಣದಲ್ಲಿ, ಹಿರಣ್ಯಕೇಶಿ ನದಿಯ ದಡದ ಗಡಹಿಂಗ್ಲಜ ಪಟ್ಟಣದಲ್ಲಿಯೂ ಅದರ ಸುತ್ತಲಿನ ಹಳ್ಳಿಗಳಲ್ಲಿಯೂ ಕನ್ನಡ ಮನೆಮಾತಾಗಿರುವ ಕುಟುಂಬಗಳು ಅನೇಕ. ವಿದ್ಯುತ್ ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ಗಡಿಯಾಚೆಯಿಂದ ದುಡಿಯಲು ಬಂದು ನೆಲೆಸಿದ ಕನ್ನಡಿಗರಿದ್ದಾರೆ. ಇವರಿಗೆ ಮನೆಯೊಳಗಿನ ಮಾತು ಕನ್ನಡ, ಬೀದಿಯ ಮತ್ತು ದವಾಖಾನೆಯ ಮಾತು ಮರಾಠಿ, ಪ್ರಯೋಗಾಲಯದ ವರದಿಯ ಭಾಷೆ ಇಂಗ್ಲಿಷ್. ರಕ್ತದೊತ್ತಡ ಹೆಚ್ಚಿದೆ ಎಂದು ವೈದ್ಯರು ತಿಳಿಸಿದಾಗ ಇಂಥ ಮನೆಗಳ ಹಿರಿಯರಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ಬಿ.ಪಿ. ಐತಿ ಅಂತಾರ, ಆದರ ನನಗ ಏನೂ ತ್ರಾಸ ಇಲ್ಲ.”

ಆ ಮಾತು ಸುಳ್ಳಲ್ಲ. ಅಧಿಕ ರಕ್ತದೊತ್ತಡವು ಬಹುತೇಕರಲ್ಲಿ ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಇರಬಲ್ಲದು. ಆದರೆ ತ್ರಾಸವಿಲ್ಲ ಎಂದ ಮಾತ್ರಕ್ಕೆ ಹಾನಿಯೂ ಇಲ್ಲವೆಂದು ಸಿದ್ಧಿಸುವುದಿಲ್ಲ. ಒತ್ತಡದ ಅಂಕಿಯು ದೇಹಕ್ಕೆ ಒದಗಬಹುದಾದ ಅಪಾಯವನ್ನು ಹೇಳುತ್ತದೆ. ಆ ಅಪಾಯವು ಈಗಾಗಲೇ ಅಂಗಗಳನ್ನು ಮುಟ್ಟಿದೆಯೇ ಎಂಬುದನ್ನು ಹೇಳುವುದಿಲ್ಲ. ಅದನ್ನು ಅರಿಯಲು ಮೂತ್ರಪಿಂಡ, ಹೃದಯ, ಕಣ್ಣು, ಮಿದುಳು ಮತ್ತು ರಕ್ತನಾಳಗಳನ್ನೇ ಪರೀಕ್ಷಿಸಬೇಕು. ಆ ಪರೀಕ್ಷೆಗಳು ಯಾವುವು, ಅವುಗಳ ಫಲಿತಾಂಶಕ್ಕೆ ಅರ್ಥವೇನು, ರೋಗಿಗೆ ಅದು ತನ್ನ ಮಾತಿನಲ್ಲಿ ತಿಳಿಯುವುದು ಏಕೆ ಅಗತ್ಯ ಎಂಬುದು ಇಲ್ಲಿಯ ವಿಚಾರ.

ಒತ್ತಡಕ್ಕಿಂತ ಮೊದಲು ಕಂಡ ಹಾನಿ

ವೈದ್ಯಶಾಸ್ತ್ರದ ಇತಿಹಾಸದಲ್ಲಿ ಹಾನಿಯು ಮೊದಲು ಕಂಡಿತು, ಅದರ ಕಾರಣ ತಡವಾಗಿ ತಿಳಿಯಿತು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯನು ರೋಗಿಗಳ ಮೂತ್ರವನ್ನು ಚಮಚದಲ್ಲಿಟ್ಟು ಮೇಣದ ಬತ್ತಿಯ ಉರಿಯಲ್ಲಿ ಕಾಯಿಸುತ್ತಿದ್ದನು. ಮೂತ್ರದಲ್ಲಿ ಪ್ರೋಟೀನು ಇದ್ದರೆ ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತಿತ್ತು. ಅಂಥ ರೋಗಿಗಳು ಸತ್ತ ಬಳಿಕ ದೇಹವನ್ನು ಪರೀಕ್ಷಿಸಿದಾಗ ಮೂತ್ರಪಿಂಡಗಳು ಗಡುಸಾಗಿರುವುದನ್ನೂ ಅನೇಕರ ಹೃದಯದ ಗೋಡೆ ದಪ್ಪಗಾಗಿರುವುದನ್ನೂ ಅವನು ಕಂಡನು. 1836ರಲ್ಲಿ ಪ್ರಕಟವಾದ ಅವನ ಬರೆಹದಲ್ಲಿ ಈ ಎರಡು ಅಂಗಗಳ ವ್ಯಾಧಿಗೆ ಸಂಬಂಧವಿದೆಯೆಂಬ ವಿಚಾರವಿತ್ತು. ಕೈಗೆ ಪಟ್ಟಿ ಕಟ್ಟಿ ಒತ್ತಡವನ್ನು ಅಳೆಯುವ ಸಾಧನವನ್ನು ಇಟಲಿಯ ರೀವಾ-ರೋಚಿ ರೂಪಿಸಿದ್ದು 1896ರಲ್ಲಿ. ಪಟ್ಟಿಯ ಕೆಳಗೆ ಕೇಳುವ ನಾಡಿಶಬ್ದಗಳಿಂದ ಎರಡು ಅಂಕಿಗಳನ್ನೂ ಗುರುತಿಸುವ ವಿಧಾನವನ್ನು ರಷ್ಯದ ಕೊರೊಟ್ಕಾಫ್ ತಿಳಿಸಿದ್ದು 1905ರಲ್ಲಿ. ಇಂದಿನ ಪರೀಕ್ಷೆಗಳು ಬ್ರೈಟನು ಮರಣಾನಂತರ ಕಂಡದ್ದನ್ನು, ಮನುಷ್ಯನು ಬದುಕಿ ದುಡಿಯುತ್ತಿರುವಾಗಲೇ ಕಾಣಿಸುತ್ತವೆ.

ಅಳತೆ ಸರಿಯಾಗಿರಬೇಕು

ಹೃದಯವು ಸಂಕುಚಿಸಿ ರಕ್ತವನ್ನು ಹೊರದೂಡಿದಾಗ ಅಪಧಮನಿಗಳಲ್ಲಿ ಉಂಟಾಗುವುದು ಸಂಕೋಚನ ಒತ್ತಡ. ಹೃದಯವು ಸಡಿಲಗೊಂಡು ತುಂಬಿಕೊಳ್ಳುವಾಗ ಉಳಿದಿರುವುದು ವ್ಯಾಕೋಚನ ಒತ್ತಡ. ಇವನ್ನು ಪಾದರಸದ ಮಿಲಿಮೀಟರುಗಳಲ್ಲಿ ಹೇಳುವುದು ವಾಡಿಕೆ. ದವಾಖಾನೆಯಲ್ಲಿ ಬೇರೆಬೇರೆ ದಿನಗಳಲ್ಲಿ ಅಳೆದಾಗಲೂ ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90, ಇಲ್ಲವೆ ಅದಕ್ಕಿಂತ ಹೆಚ್ಚು ಇದ್ದರೆ ಅದನ್ನು ಅಧಿಕ ರಕ್ತದೊತ್ತಡವೆಂದು ಭಾರತದಲ್ಲಿ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಮನೆಯಲ್ಲಿ ಅಳೆದುಕೊಂಡಾಗ ಈ ಮಿತಿ 135 ಮತ್ತು 85.

ಅಂಗಹಾನಿಯ ವಿಚಾರವು ಈ ಅಳತೆಯಿಂದಲೇ ಆರಂಭವಾಗುವುದರಿಂದ ಅದು ಸರಿಯಾಗಿರುವುದು ಮುಖ್ಯ. ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಅರ್ಧ ಗಂಟೆಯೊಳಗೆ ಚಹಾ, ಬೀಡಿ, ತಂಬಾಕು, ಮಿಶ್ರಿ ಇವುಗಳ ಸೇವನೆ ಇರಬಾರದು. ಬೆನ್ನಿಗೆ ಆಸರೆ, ಪಾದಗಳು ನೆಲದ ಮೇಲೆ, ತೋಳು ಹೃದಯದ ಮಟ್ಟದಲ್ಲಿ ಇರಬೇಕು, ಮಾತಾಡಬಾರದು. ತೋಳಿನ ಗಾತ್ರಕ್ಕೆ ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳಾಗಿ ಏರುತ್ತದೆ. ಮೊದಲ ಸಲ ಎರಡೂ ತೋಳುಗಳಲ್ಲಿ ಅಳೆದು, ಹೆಚ್ಚು ಬಂದ ತೋಳನ್ನೇ ಮುಂದೆ ಬಳಸುವುದು ಕ್ರಮ. ಬಸ್ಸಿಳಿದು ಓಡಿಬಂದು ಸಾಲಿನಲ್ಲಿ ನಿಂತವನ ಒಂದೇ ಅಳತೆಯಿಂದ ಯಾವ ನಿರ್ಣಯವೂ ಸಾಧುವಲ್ಲ.

ಹಾನಿ ನಡೆಯುವ ರೀತಿ

ಪಂಚಗಂಗೆ, ಹಿರಣ್ಯಕೇಶಿಗಳ ದಡದ ರೈತರು ಬಂಧಾರದ ನೀರನ್ನು ಪಂಪಿನಿಂದ ಎತ್ತಿ ಪೈಪುಗಳ ಮೂಲಕ ಕಬ್ಬಿನ ಹೊಲಗಳಿಗೆ ಹಾಯಿಸುತ್ತಾರೆ. ಪೈಪು ತಾಳುವುದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ದಿನವೂ ನೀರು ಬಿಟ್ಟರೆ ಒಂದೇ ದಿನದಲ್ಲಿ ಏನೂ ಆಗುವುದಿಲ್ಲ. ಕಾಲಾಂತರದಲ್ಲಿ ಜೋಡಣೆಗಳು ಸಡಿಲಗೊಳ್ಳುತ್ತವೆ, ಒಂದೆಡೆ ನೀರು ಜಿನುಗುತ್ತದೆ, ಪಂಪು ಕಾಯುತ್ತದೆ. ದೇಹದ ಸ್ಥಿತಿ ಇದಕ್ಕಿಂತ ತುಸು ಭಿನ್ನ, ಏಕೆಂದರೆ ರಕ್ತನಾಳವು ಜೀವಂತ ಅಂಗಾಂಶ. ಒತ್ತಡವನ್ನು ತಡೆದುಕೊಳ್ಳಲು ಅದು ತನ್ನ ಗೋಡೆಯನ್ನು ದಪ್ಪಗೊಳಿಸಿಕೊಳ್ಳುತ್ತದೆ. ಹಾಗೆ ದಪ್ಪಗಾದಂತೆ ಒಳದಾರಿ ಕಿರಿದಾಗುತ್ತದೆ, ಸ್ಥಿತಿಸ್ಥಾಪಕತೆ ಕುಗ್ಗುತ್ತದೆ. ಕಿರಿದಾದ ದಾರಿಯಲ್ಲಿ ರಕ್ತವನ್ನು ನೂಕಲು ಹೃದಯವು ಇನ್ನೂ ಹೆಚ್ಚು ಶ್ರಮಿಸಬೇಕಾಗುತ್ತದೆ. ರಕ್ಷಣೆಗೆಂದು ಆದ ಬದಲಾವಣೆಯೇ ಕೇಡನ್ನು ಬೆಳೆಸುತ್ತದೆ. ಸೂಕ್ಷ್ಮ ನಾಳಗಳು ಹೇರಳವಾಗಿರುವ ಅಂಗಗಳಲ್ಲಿ ಇದರ ಪರಿಣಾಮ ಹೆಚ್ಚು.

ಮೂತ್ರಪಿಂಡ

ಪ್ರತಿ ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ಆರೋಗ್ಯವಂತ ಶೋಧಕವು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನನ್ನು ಹೆಚ್ಚುಕಡಿಮೆ ಪೂರ್ಣವಾಗಿ ಒಳಗೇ ಉಳಿಸಿಕೊಳ್ಳುತ್ತದೆ. ಒತ್ತಡದಿಂದ ಶೋಧಕಕ್ಕೆ ಪೆಟ್ಟುಬಿದ್ದರೆ ಆಲ್ಬುಮಿನ್ ಮೂತ್ರಕ್ಕೆ ಸೋರತೊಡಗುತ್ತದೆ. ಬೆಳಗಿನ ಮೂತ್ರದ ಒಂದು ಮಾದರಿಯಲ್ಲಿ, ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಆಲ್ಬುಮಿನ್ ಇದೆಯೆಂದು ಲೆಕ್ಕಹಾಕುತ್ತಾರೆ. ಅದು 30ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 30ರಿಂದ 300ರವರೆಗೆ ಇದ್ದರೆ ಹಾನಿಯ ಸೂಚನೆ. 300ನ್ನು ಮೀರಿದರೆ ಹಾನಿ ತೀವ್ರವಾದದ್ದು. ಜ್ವರ, ಮೂತ್ರದ ಸೋಂಕು, ವಿಪರೀತ ದೈಹಿಕ ಶ್ರಮ ಇವುಗಳಿಂದಲೂ ಆಲ್ಬುಮಿನ್ ತಾತ್ಕಾಲಿಕವಾಗಿ ಕಾಣಿಸಿಕೊಳ್ಳಬಹುದಾದ್ದರಿಂದ ಕೆಲವು ವಾರಗಳ ಅಂತರದಲ್ಲಿ ಪರೀಕ್ಷೆಯನ್ನು ಪುನಃ ಮಾಡಿಯೇ ನಿರ್ಣಯಕ್ಕೆ ಬರಬೇಕು.

ಎರಡನೆಯದು ರಕ್ತದ ಕ್ರಿಯಾಟಿನಿನ್ ಪರೀಕ್ಷೆ. ಇದು ಸ್ನಾಯುಗಳಿಂದ ಉತ್ಪತ್ತಿಯಾಗಿ ಮೂತ್ರಪಿಂಡದ ಮೂಲಕ ಹೊರಹೋಗುವ ತ್ಯಾಜ್ಯ. ಇದರಲ್ಲಿ ಒಂದು ಮೋಸವಿದೆ. ಮೂತ್ರಪಿಂಡಗಳ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ನಷ್ಟವಾಗುವವರೆಗೂ ಕ್ರಿಯಾಟಿನಿನ್ ಅಂಕಿಯು ವರದಿಯ ‘ಸಾಮಾನ್ಯ’ ಮಿತಿಯೊಳಗೇ ಇರಬಲ್ಲದು. ಮೈಯಲ್ಲಿ ಮಾಂಸಖಂಡ ಕಡಿಮೆಯಿರುವ ವೃದ್ಧೆಯೊಬ್ಬರ ಅಂಕಿ ಚಿಕ್ಕದಾಗಿ ಕಂಡರೂ ಅವರ ಮೂತ್ರಪಿಂಡ ದುರ್ಬಲವಾಗಿರಬಹುದು. ಆದ್ದರಿಂದ ವಯಸ್ಸು ಮತ್ತು ಲಿಂಗವನ್ನು ಸೇರಿಸಿ ನಿಮಿಷಕ್ಕೆ ಎಷ್ಟು ಮಿಲಿಲೀಟರು ಶೋಧನೆಯಾಗುತ್ತಿದೆ ಎಂಬ ಅಂದಾಜನ್ನು ತೆಗೆಯುತ್ತಾರೆ. ಅದು ಮೂರು ತಿಂಗಳ ಮೇಲೂ 60ಕ್ಕಿಂತ ಕೆಳಗಿದ್ದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ವ್ಯಾಧಿಯೆಂದು ಕರೆಯುತ್ತಾರೆ. ಕ್ರಿಯಾಟಿನಿನ್ ಏರುವ ಮೊದಲೇ ಮೂತ್ರದ ಆಲ್ಬುಮಿನ್ ಎಚ್ಚರಿಕೆ ನೀಡುತ್ತದೆ ಎಂಬುದೇ ಈ ಅಗ್ಗದ ಪರೀಕ್ಷೆಯ ಹೆಚ್ಚುಗಾರಿಕೆ.

ಹೃದಯ

ಕೊಲ್ಹಾಪುರವು ತಾಲೀಮುಗಳ ಊರು. ಅಲ್ಲಿಯ ಖಾಸಬಾಗ್ ಕುಸ್ತಿ ಮೈದಾನ ಹೆಸರುವಾಸಿ. ಜಟ್ಟಿಯ ತೋಳು ಸಾಧನೆಯಿಂದ ದಪ್ಪಗಾದರೆ ಅದು ಬಲದ ಗುರುತು. ಅಧಿಕ ಒತ್ತಡಕ್ಕೆದುರಾಗಿ ದುಡಿದು ದಪ್ಪಗಾದ ಹೃದಯಕ್ಕೆ ಈ ಮಾತು ಸಲ್ಲದು. ಜಟ್ಟಿಗೆ ವಿಶ್ರಾಂತಿಯಿದೆ, ಒತ್ತಡಪೀಡಿತ ಹೃದಯಕ್ಕೆ ಇಲ್ಲ. ಅದರ ಎಡ ಹೃತ್ಕುಕ್ಷಿಯ ಗೋಡೆ ದಪ್ಪಗಾಗುವುದರ ಜೊತೆಗೆ ಬಿರುಸಾಗುತ್ತದೆ, ಸಡಿಲಗೊಂಡು ರಕ್ತವನ್ನು ತುಂಬಿಕೊಳ್ಳಲಾರದಾಗುತ್ತದೆ. ಮೆಟ್ಟಿಲೇರುವಾಗಿನ ಏದುಸಿರು, ಕಾಲಿನ ಬಾವು, ಹೃದಯಬಡಿತದ ಏರುಪೇರು ಇವೆಲ್ಲ ಅನಂತರ ತೋರುವ ಫಲಗಳು.

ಇದನ್ನು ಕಾಣಲು ಮೊದಲ ಸಾಧನ ಇಸಿಜಿ. ಎದೆಯ ಮೇಲಿಟ್ಟ ತಂತುಗಳ ಮೂಲಕ ಹೃದಯದ ವಿದ್ಯುತ್ ಅಲೆಗಳನ್ನು ಅದು ಕಾಗದದ ಮೇಲೆ ಬರೆಯುತ್ತದೆ. ದಪ್ಪಗಾದ ಹೃತ್ಕುಕ್ಷಿಯು ಎತ್ತರದ ಅಲೆಗಳನ್ನು ಮೂಡಿಸುತ್ತದೆ. ಇಸಿಜಿಯಲ್ಲಿ ಹಾನಿ ಸ್ಪಷ್ಟವಾಗಿ ಕಂಡರೆ ಅದನ್ನು ಬಹಳಮಟ್ಟಿಗೆ ನಂಬಬಹುದು. ಆದರೆ ಕಾಣದಿದ್ದರೆ ಹಾನಿಯೇ ಇಲ್ಲವೆನ್ನಲಾಗದು, ಏಕೆಂದರೆ ದಪ್ಪಗಾದ ಹೃದಯಗಳಲ್ಲಿ ಅನೇಕವು ಇಸಿಜಿಯ ಕಣ್ಣಿಗೆ ಬೀಳುವುದಿಲ್ಲ. ಸಂದೇಹವಿದ್ದಲ್ಲಿ ಶಬ್ದಾತೀತ ತರಂಗಗಳನ್ನು ಬಳಸುವ ಎಕೋ ಪರೀಕ್ಷೆಯು ಗೋಡೆಯ ದಪ್ಪ, ಕೋಣೆಯ ಅಳತೆ, ಸಡಿಲಗೊಳ್ಳುವ ಸಾಮರ್ಥ್ಯ ಇವನ್ನು ನೇರವಾಗಿ ತೋರಿಸುತ್ತದೆ. ಒತ್ತಡವನ್ನು ಹಲವು ತಿಂಗಳು ಹತೋಟಿಯಲ್ಲಿಟ್ಟರೆ ದಪ್ಪಗಾದ ಗೋಡೆಯು ಸ್ವಲ್ಪಮಟ್ಟಿಗೆ ಮರಳಿ ತೆಳುವಾಗಬಲ್ಲದು.

ಕಣ್ಣು

ಚರ್ಮವನ್ನು ಕತ್ತರಿಸದೆ ಜೀವಂತ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಸ್ಥಳ ಕಣ್ಣಿನ ಒಳಪರದೆ, ಎಂದರೆ ಅಕ್ಷಿಪಟಲ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ಲೋಕಕ್ಕೆ ಪರಿಚಯಿಸಿದ ಬಳಿಕ ಈ ನೋಟ ಸಾಧ್ಯವಾಯಿತು. 1939ರಲ್ಲಿ ಅಮೆರಿಕದ ಕೀತ್, ವ್ಯಾಗನರ್ ಮತ್ತು ಬಾರ್ಕರ್ ಎಂಬ ವೈದ್ಯರು ಅಧಿಕ ರಕ್ತದೊತ್ತಡದ ರೋಗಿಗಳನ್ನು ಅಕ್ಷಿಪಟಲದ ಸ್ಥಿತಿಗನುಸಾರವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಮೊದಲ ಗುಂಪಿನಲ್ಲಿ ಅಪಧಮನಿಗಳು ತುಸು ಕಿರಿದಾಗಿರುತ್ತವೆ. ಎರಡನೆಯದರಲ್ಲಿ ಗಡುಸಾದ ಅಪಧಮನಿಯು ತಾನು ದಾಟುವ ಸಿರೆಯನ್ನು ಅದುಮುತ್ತದೆ. ಮೂರನೆಯದರಲ್ಲಿ ರಕ್ತಸ್ರಾವದ ಗೆರೆಗಳೂ ಹತ್ತಿಯ ಎಸಳಿನಂಥ ಬಿಳಿಯ ಕಲೆಗಳೂ ತೋರುತ್ತವೆ. ನಾಲ್ಕನೆಯದರಲ್ಲಿ ದೃಷ್ಟಿನರದ ತುದಿಯೇ ಬಾತುಕೊಂಡಿರುತ್ತದೆ. ಪರಿಣಾಮಕಾರಿ ಔಷಧಗಳಿಲ್ಲದ ಆ ಕಾಲದಲ್ಲಿ ನಾಲ್ಕನೆಯ ಗುಂಪಿನ ಬಹುತೇಕರು ಮೂರು ವರ್ಷ ಬದುಕಲಿಲ್ಲ. ದೃಷ್ಟಿ ಚೆನ್ನಾಗಿರುವವರಲ್ಲಿಯೂ ಆರಂಭದ ಬದಲಾವಣೆಗಳು ಇರಬಹುದಾದ್ದರಿಂದ ‘ಕಣ್ಣು ಕಾಣಸ್ತೈತಿ’ ಎಂಬ ಉತ್ತರ ಇಲ್ಲಿ ಸಾಲದು. ಒತ್ತಡ ಬಹಳ ಏರಿರುವವರಿಗೂ ಮಧುಮೇಹವಿರುವವರಿಗೂ ಈ ಪರೀಕ್ಷೆ ವಿಶೇಷವಾಗಿ ಅವಶ್ಯ.

ಮಿದುಳು ಮತ್ತು ರಕ್ತನಾಳಗಳು

ಮಿದುಳಿನ ಹಾನಿಯೆಂದರೆ ಜನರಿಗೆ ತಿಳಿದಿರುವುದು ಲಕ್ವ, ಎಂದರೆ ಪಾರ್ಶ್ವವಾಯು. ಮುಖ ಒಂದು ಬದಿಗೆ ವಾಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಇವು ಅದರ ಗುರುತುಗಳು. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುವುದರಿಂದ ಗುರುತು ಕಂಡ ಗಳಿಗೆಯನ್ನು ನೆನಪಿಟ್ಟು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಲಕ್ವಕ್ಕಿಂತ ಮೊದಲೇ ಮಿದುಳಿನ ಆಳದ ಸೂಕ್ಷ್ಮ ನಾಳಗಳು ಮುಚ್ಚಿ ಸಣ್ಣಸಣ್ಣ ಗಾಯಗಳಾಗಿರಬಹುದು. ಎಂ.ಆರ್.ಐ. ಚಿತ್ರದಲ್ಲಿ ಅವು ಕಾಣುತ್ತವೆಯಾದರೂ ಎಲ್ಲ ರೋಗಿಗಳಿಗೂ ಆ ದುಬಾರಿ ಪರೀಕ್ಷೆ ಬೇಕಿಲ್ಲ. ಮರೆವು, ನಿಧಾನಗತಿ, ಲೆಕ್ಕದಲ್ಲಿ ತಪ್ಪು, ನಡಿಗೆಯಲ್ಲಿ ಅಸ್ಥಿರತೆ ಕಂಡಾಗ ಮೊದಲು ಮಾಡುವುದು ಪ್ರಶ್ನೋತ್ತರದ ಮೂಲಕ ನೆನಪು, ಗಮನ ಮತ್ತು ಭಾಷೆಯ ಪರೀಕ್ಷೆ.

ಕನ್ನಡದ ಪ್ರಶ್ನೆ ಇಲ್ಲಿ ವೈದ್ಯಕೀಯ ಪ್ರಶ್ನೆಯೇ ಆಗುತ್ತದೆ. ಕನ್ನಡವನ್ನೇ ಆಡುವ ಅಜ್ಜಿಯೊಬ್ಬರಿಗೆ ಪದಗಳ ಪಟ್ಟಿಯನ್ನು ಮರಾಠಿಯಲ್ಲಿ ಹೇಳಿ ನೆನಪಿಟ್ಟುಕೊಳ್ಳಲು ಕೇಳಿದರೆ ಅವರು ಸೋಲಬಹುದು. ಆ ಸೋಲು ಮಿದುಳಿನದೋ ಭಾಷೆಯದೋ ಎಂದು ಯಾರೂ ಹೇಳಲಾರರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂಥ ಪರೀಕ್ಷೆಗಳನ್ನು ಭಾರತೀಯ ಭಾಷೆಗಳಿಗೆ ಅಳವಡಿಸಿದಾಗ ಕನ್ನಡವನ್ನೂ ಅದರಲ್ಲಿ ಸೇರಿಸಿದ್ದು ಈ ಕಾರಣದಿಂದ ಮಹತ್ವದ್ದಾಗಿದೆ.

ದೊಡ್ಡ ನಾಳಗಳ ಸ್ಥಿತಿಯನ್ನು ಅರಿಯಲು ಸರಳವಾದ ಉಪಾಯವೊಂದಿದೆ. ಹರಡಿನ ಬಳಿಯ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ಅಪಧಮನಿಗಳು ಕಟ್ಟಿಕೊಂಡಿರುವ ಸಂಭವ ಹೆಚ್ಚು. ನಡೆಯುವಾಗ ಮೀನಖಂಡ ನೋಯ್ದು ನಿಂತರೆ ಶಮನವಾಗುವವರಿಗೂ ತಂಬಾಕಿನ ಚಟವಿರುವವರಿಗೂ ಇದು ಉಪಯುಕ್ತ.

ಫಲಿತಾಂಶದಿಂದ ಆಗುವ ಪ್ರಯೋಜನ

ಇಷ್ಟೆಲ್ಲ ಪರೀಕ್ಷೆಗಳಿಂದ ಚಿಕಿತ್ಸೆ ಹೇಗೆ ಬದಲಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಇಚಲಕರಂಜಿಯ ಮಗ್ಗದಲ್ಲಿ ರಾತ್ರಿಪಾಳಿ ಮಾಡುವ ಇಬ್ಬರು ನಡುವಯಸ್ಸಿನ ಕಾರ್ಮಿಕರಿದ್ದಾರೆ ಎನ್ನೋಣ. ಇಬ್ಬರ ಒತ್ತಡವೂ 150/96. ಮೊದಲನೆಯವರ ಮೂತ್ರ, ರಕ್ತ, ಇಸಿಜಿ, ಕಣ್ಣು ಎಲ್ಲವೂ ಸರಿಯಾಗಿವೆ; ಮಧುಮೇಹವಾಗಲಿ ತಂಬಾಕಾಗಲಿ ಇಲ್ಲ. ಎರಡನೆಯವರ ಮೂತ್ರದಲ್ಲಿ ಆಲ್ಬುಮಿನ್ 180 ಇದೆ, ಹೃದಯದ ಗೋಡೆ ದಪ್ಪಗಾಗಿದೆ. ಅಂಕಿಯಷ್ಟನ್ನೇ ನೋಡಿದರೆ ಇಬ್ಬರೂ ಸಮಾನರು. ಆದರೆ ಮೊದಲನೆಯವರಿಗೆ ವೈದ್ಯರು ತಮ್ಮ ನಿಗಾದಲ್ಲಿ ಕೆಲವು ತಿಂಗಳು ಉಪ್ಪು ಕಡಿಮೆ ಮಾಡಿಸಿ, ತೂಕ ಇಳಿಸಿ ನೋಡಬಹುದು. ಎರಡನೆಯವರಿಗೆ ಔಷಧವು ತಡಮಾಡದೆ ಬೇಕು. ಅದೂ ಮೂತ್ರದ ಪ್ರೋಟೀನು ಸೋರಿಕೆಯನ್ನು ತಗ್ಗಿಸುವ ಗುಣವುಳ್ಳ ಟೆಲ್ಮಿಸಾರ್ಟಾನ್, ಎನಲಾಪ್ರಿಲ್‌ಗಳಂಥ ವರ್ಗದ್ದು ಬೇಕು. ಅದನ್ನು ಆರಂಭಿಸಿದ ಕೆಲವು ವಾರಗಳಲ್ಲಿ ರಕ್ತದ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷಿಸಬೇಕು. ಗರ್ಭಿಣಿಯರಿಗೆ ಆ ವರ್ಗದ ಔಷಧ ನಿಷಿದ್ಧ.

ಎರಡನೆಯವರು ತಿಳಿಯಬೇಕಾದ ಇನ್ನೂ ಎರಡು ಸಂಗತಿಗಳಿವೆ. ದಿನವಿಡೀ ನಿಂತು ಬೆನ್ನು ನೋಯುವವರು ಅಂಗಡಿಯಿಂದ ತಾವೇ ತಂದು ನುಂಗುವ ಡೈಕ್ಲೋಫೆನಾಕ್‌ನಂಥ ನೋವುನಿವಾರಕ ಗುಳಿಗೆಗಳು ಒತ್ತಡವನ್ನೂ ಏರಿಸುತ್ತವೆ, ಮೂತ್ರಪಿಂಡಕ್ಕೂ ಕೇಡು ಮಾಡುತ್ತವೆ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡ ದುರ್ಬಲವಾದವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಚಿವಡಾ, ತಾಂಬಡಾ ರಸ್ಸಾ ಇವುಗಳೊಳಗಿನ ಉಪ್ಪೂ ಆ ಲೆಕ್ಕಕ್ಕೆ ಸೇರಿದ್ದೇ.

ಒತ್ತಡ 180/120 ಮುಟ್ಟಿ, ಅದರೊಡನೆ ಎದೆನೋವು, ಉಸಿರುಗಟ್ಟುವಿಕೆ, ದೃಷ್ಟಿಮಂದತೆ, ಗೊಂದಲ ಅಥವಾ ಲಕ್ವದ ಗುರುತು ಇದ್ದರೆ ಅದು ತುರ್ತುಸ್ಥಿತಿ. ಅಂಗಹಾನಿ ಆ ಗಳಿಗೆಯಲ್ಲಿಯೇ ನಡೆಯುತ್ತಿರುತ್ತದೆ. ಯಾವ ಲಕ್ಷಣವೂ ಇಲ್ಲದೆ ಅಂಕಿಯಷ್ಟೇ ಏರಿದ್ದರೆ ಒಮ್ಮೆಗೇ ಇಳಿಸುವುದು ಮಿದುಳಿಗೆ ಅಪಾಯಕರ. ಆಗಲೂ ಬೇಗನೆ ವೈದ್ಯರನ್ನು ಕಂಡು, ಅವರ ಸಲಹೆಯಂತೆ ಕ್ರಮವಾಗಿ ಇಳಿಸಬೇಕು.

ಮೂತ್ರ, ರಕ್ತ ಮತ್ತು ಇಸಿಜಿ ಪರೀಕ್ಷೆಗಳಿಗೆ ದೊಡ್ಡ ನಗರವೇ ಬೇಕೆಂದಿಲ್ಲ. ಗಡಹಿಂಗ್ಲಜದಲ್ಲಿ ಉಪಜಿಲ್ಲಾ ಆಸ್ಪತ್ರೆ, ಇಚಲಕರಂಜಿಯಲ್ಲಿ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ, ಕೊಲ್ಹಾಪುರದಲ್ಲಿ ರಾಜರ್ಷಿ ಶಾಹು ಮಹಾರಾಜ ಸರಕಾರಿ ವೈದ್ಯಕೀಯ ಕಾಲೇಜಿಗೆ ಹೊಂದಿಕೊಂಡ ಛತ್ರಪತಿ ಪ್ರಮಿಳಾರಾಜೆ ಆಸ್ಪತ್ರೆ ಇವೆ. ಮೂವತ್ತು ದಾಟಿದವರ ಒತ್ತಡ ತಪಾಸಣೆಯು ಸರಕಾರದ ಆರೋಗ್ಯ ಕಾರ್ಯಕ್ರಮದ ಭಾಗವೇ ಆಗಿದೆ.

ತಿಳಿಸುವ ಭಾಷೆ

ಮರಾಠಿಯ ‘ರಕ್ತದಾಬ’ ಮತ್ತು ಕನ್ನಡದ ‘ರಕ್ತದೊತ್ತಡ’ ಒಂದೇ ಅರ್ಥದವು; ‘ಮೂತ್ರಪಿಂಡ’, ‘ಹೃದಯ’ ಎಂಬ ಪದಗಳು ಎರಡೂ ಭಾಷೆಗಳಿಗೆ ಸಮಾನ. ಆದ್ದರಿಂದ ಗಡಿಯ ರೋಗಿಗೆ ಅಂಗಗಳ ಹೆಸರು ಅಡ್ಡಿಯಾಗುವುದಿಲ್ಲ. ಅಡ್ಡಿಯಾಗುವುದು ಅವುಗಳ ನಡುವಿನ ಸಂಬಂಧ. ಗುಳಿಗೆಯಿಂದ ಅಂಕಿ ಇಳಿದಾಗ ‘ಈಗ ಬಿ.ಪಿ. ಹೋತು’ ಎಂದು ಔಷಧ ಬಿಡುವವರು ಅನೇಕ. ಅಂಕಿ ಇಳಿದಿರುವುದು ಗುಳಿಗೆಯಿಂದಲೇ, ಬಿಟ್ಟರೆ ಪುನಃ ಏರುತ್ತದೆ, ಏರಿದ್ದು ತಿಳಿಯದೆಯೇ ಶೋಧಕಗಳು ಒಂದೊಂದಾಗಿ ನಾಶವಾಗುತ್ತವೆ ಎಂಬ ಮೂರು ವಾಕ್ಯಗಳನ್ನು ಅವರಿಗೆ ತಮ್ಮ ಮಾತಿನಲ್ಲಿ ಯಾರೂ ಹೇಳಿರುವುದಿಲ್ಲ.

ವೈದ್ಯವನ್ನು ಕನ್ನಡದಲ್ಲಿ ಹೇಳುವುದು ಹೊಸ ಸಾಹಸವೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದನು, ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಸಾಹಿತ್ಯಚರಿತ್ರೆಯಲ್ಲಿ ಈ ಹೆಸರುಗಳನ್ನು ಓದುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಅವರ ಕೆಲಸವನ್ನು ಮುಂದುವರಿಸುವ ಅವಕಾಶ ಮನೆಯಲ್ಲಿಯೇ ಇದೆ. ಅಜ್ಜ ಅಥವಾ ಅತ್ತೆಯ ವರದಿಯಲ್ಲಿ ಮೂತ್ರದ ಆಲ್ಬುಮಿನ್ ಪರೀಕ್ಷೆ ಆಗಿದೆಯೇ, ಕ್ರಿಯಾಟಿನಿನ್ ಎಷ್ಟು, ಇಸಿಜಿ ಯಾವಾಗ ಆಯಿತು, ಕಣ್ಣಿನ ಒಳಪರದೆಯನ್ನು ಯಾರಾದರೂ ನೋಡಿದ್ದಾರೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಅವರೊಡನೆ ದವಾಖಾನೆಗೆ ಹೋಗಬಹುದು. ವೈದ್ಯರು ಮರಾಠಿಯಲ್ಲಿ ಕೊಟ್ಟ ಉತ್ತರವನ್ನು ತಿರುಗಿ ಬಂದ ಮೇಲೆ ಕನ್ನಡದಲ್ಲಿ ತಿಳಿಸಬಹುದು. ‘ನನಗ ಏನೂ ತ್ರಾಸ ಇಲ್ಲ’ ಎಂಬ ಹಿರಿಯರ ಮಾತು ನಿಜವೋ ಅಲ್ಲವೋ ಎಂಬುದು ಆಗ ಅವರಿಗೂ ಗೊತ್ತಾಗುತ್ತದೆ.